ಬೈರಮ್ಮನ ಸೊಂಟದ ಕತ್ತಿ

ಬಿಳೇಕಹಳ್ಳಿಯ ಬೈರಮ್ಮ ಹುಟ್ಟಾ ಜಗಳಗಂಟಿ ಎಂದು ಹೇಳುವವರಿದ್ದಾರೆ. ಶುದ್ಧ ಸುಳ್ಳು. ಮದುವೆಯಾಗಿ ಆ ಊರಿಗೆ ಬಂದ ಮೇಲೆ ಹನ್ನೆರಡು ವರ್ಷ ಆಕೆಯ ಗಂಟಲು ಹೇಗಿದೆ ಎಂಬುದೇ ಬೀದಿಯವರಿಗೆ ಗೊತ್ತಿರಲಿಲ್ಲ. ಭಾವ ಎದುರಿಗೆ ಬಂದರೆ ಸೆರಗು ಹೊದ್ದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳು. ಅಂಥವಳಿಗೆ ಜಗಳ ಕಲಿಸಿದವರು ಯಾರು ಎಂದು ಕೇಳಿ ನೋಡಿ, ಊರಿನವರಿಗೆ ತಕ್ಷಣ ಕೆಮ್ಮು ಬರುತ್ತದೆ. ಕಲಿಸಿದವನು ತಿಮ್ಮರಾಯಪ್ಪ, ಆಕೆಯ ಗಂಡನ ಒಡಹುಟ್ಟಿದ ಅಣ್ಣ.

ಗಂಡ ಮುನಿವೆಂಕಟಪ್ಪ ಐವತ್ತಾರನೇ ಇಸವಿಯಲ್ಲಿ ಎಂಟು ದಿನದ ಜ್ವರಕ್ಕೆ ಹೋದ. ಮಕ್ಕಳಿರಲಿಲ್ಲ. ತಿಥಿ ಮುಗಿದ ಮಾರನೆಯ ದಿನವೇ ತಿಮ್ಮರಾಯಪ್ಪ ಬಂದು ಎತ್ತು ಬಿಚ್ಚಿಕೊಂಡ, ನೇಗಿಲು ಹೊತ್ತುಕೊಂಡ, ಗೋಡೆಗೆ ಸಿಕ್ಕಿಸಿದ್ದ ಎರಡು ಕುಡುಗೋಲನ್ನೂ ಬಿಡಲಿಲ್ಲ. ಹೊರಡುವಾಗ ಸೂರಿನಲ್ಲಿದ್ದ ತಮ್ಮನ ಮಚ್ಚು ಕಣ್ಣಿಗೆ ಬಿತ್ತು.

"ಗಂಡಸಿನ ಮಚ್ಚು. ಹೆಂಗಸ್ರ ಮನೇಲಿ ಬಿದ್ದಿದ್ರೆ ತುಕ್ಕು ಹಿಡೀತದೆ. ಕೊಡು ಇಲ್ಲಿ."

ಬೈರಮ್ಮ ಸೂರಿನಿಂದ ಇಳಿಸಿದಳು. ಆದರೆ ಕೈಗೆ ಕೊಡಲಿಲ್ಲ, ಹೊಸಿಲ ಮೇಲಿಟ್ಟಳು. ಉಪ್ಪು, ಮೆಣಸಿನಕಾಯಿ, ಕತ್ತಿ ಇವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಕೊಟ್ಟವರಿಗೂ ತಗೊಂಡವರಿಗೂ ಜಗಳ ಹತ್ತುತ್ತದೆ ಅನ್ನುತ್ತಾರೆ. ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ತಿಮ್ಮರಾಯಪ್ಪ ಬಗ್ಗಿ ಎತ್ತಿಕೊಂಡು ಹೆಗಲಿಗೆ ಹಾಕಿದ. ಜಗಳವಿಲ್ಲ, ತಕರಾರಿಲ್ಲ! ಮನೆ ದೋಚುವವನಿಗೂ ಕೆಟ್ಟದ್ದಾಗಬಾರದೆಂದು ಮರ್ಯಾದೆಯಿಂದ ದೋಚಿಸಿಕೊಂಡ ಆ ಹೆಂಗಸನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಕೆಗೆ ಉಳಿದದ್ದು ಅರ್ಧ ಮನೆ, ಎರಡು ಎಮ್ಮೆ, ಕೆರೆಯ ಕೆಳಗೆ ಹನ್ನೆರಡು ಗುಂಟೆ ಹುಲ್ಲುಗಾವಲು. ಎಮ್ಮೆಗಳ ಹಾಲನ್ನು ಬೆಳಿಗ್ಗೆ ಜಯನಗರದ ಹೊಸ ಮನೆಗಳಿಗೆ ಹಾಕಿ ಬಂದರೆ ಆಕೆಯ ಹೊಟ್ಟೆಗೆ ದಾರಿಯಾಗುತ್ತಿತ್ತು. ತಿಮ್ಮರಾಯಪ್ಪನ ಕಣ್ಣು ಆ ಹನ್ನೆರಡು ಗುಂಟೆಯ ಮೇಲಿತ್ತು. ಪಕ್ಕದಲ್ಲೇ ಅವನ ಗದ್ದೆ. ಎರಡೂ ಸೇರಿದರೆ ರಸ್ತೆಯವರೆಗೆ ಒಂದೇ ತುಂಡಾಗುತ್ತಿತ್ತು.

"ಒಬ್ಬಳೇ ಎಷ್ಟು ದಿನ ಏಗ್ತೀಯ? ಎಮ್ಮೆ ಮಾರಾಕು. ನಮ್ಮನೇಗೆ ಬಾ, ಕಸ ಗುಡಿಸ್ಕೊಂಡು, ಮುದ್ದೆ ತಿಂದ್ಕೊಂಡು ಬಿದ್ದಿರು," ಎಂದ.

ಎಮ್ಮೆಗೆ ಮೇವು ಹಾಕುವ ಶಕ್ತಿ ಇರುವ ತನಕ ಆಕೆ ಅವನ ಹಟ್ಟಿ ಬಾಚಬೇಕಾಗಿಲ್ಲ. ಅದು ತಪ್ಪಿದ ದಿನ ಎಮ್ಮೆಯೂ ಹೋಯಿತು, ಹುಲ್ಲುಗಾವಲೂ ಹೋಯಿತು, ತಾನೂ ಹೋದಳು. ಇದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಕುಡುಗೋಲುಗಳನ್ನೂ ಎತ್ತಿಕೊಂಡು ಹೋದದ್ದು ತುಕ್ಕಿನ ಭಯಕ್ಕೆ ಅಂತೀರಾ? ಹುಲ್ಲನ್ನು ಹಲ್ಲಿನಲ್ಲಿ ಕುಯ್ಯುತ್ತಾಳೋ ನೋಡೋಣ ಎಂದು!

ಬೈರಮ್ಮ ಊರ ಕುಲುಮೆಗೆ ಹೋದಳು. ಕಮ್ಮಾರ ಕಾಳಾಚಾರಿ ತಿದಿಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ.

"ಆಯ ಬರೋದು ನಿಮ್ ಭಾವನ ಕಣದಿಂದ ಕಣಮ್ಮ. ಸುಗ್ಗೀಲಿ ನೇಗಿಲಿಗಿಷ್ಟು ಅಂತ ರಾಗಿ ಅಳೀತಾರೆ, ಆ ನೇಗಿಲಿಗೆ ನಾನು ವರ್ಷವೆಲ್ಲ ಕೆಲಸ ಮಾಡ್ತೀನಿ. ನಿಂಗೆ ನೇಗಿಲೇ ಇಲ್ವಲ್ಲ."

"ನೇಗ್ಲು ತಗೊಂಡೋದೋರು ಯಾರು ಅಂತ ನಿಮ್ಗೆ ಗೊತ್ತಿಲ್ವಾ?"

"ಅದು ನಿಮ್ ಮನೆ ವಿಚಾರ. ನೇಗಿಲಿಲ್ದಿರೋ ಮನೆಗೆ ನಾನು ಕಬ್ಬಿಣ ಕಾಯ್ಸಂಗಿಲ್ಲ."

ಕುಲುಮೆಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ ನಾಲ್ಕು ಜನ ಕಿಸಕ್ಕನೆ ನಕ್ಕರು. ಬೈರಮ್ಮ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿಕೊಂಡು ಬಂದಳು. ಒಂದು ತಿಂಗಳು ಕೈಯಲ್ಲೇ ಹುಲ್ಲು ಕಿತ್ತಳು. ಅಂಗೈ ಸೀಳಿ, ಹಾಲು ಕರೆಯುವಾಗ ಉಪ್ಪು ಸವರಿದಂತೆ ಉರಿಯುತ್ತಿತ್ತು.

ಆ ಕೈಯನ್ನು ಮೊದಲು ಗಮನಿಸಿದವರು ಜಯನಗರದ ಸೀತಮ್ಮ, ದಿನಾ ಎರಡು ಸೇರು ಹಾಲು ತಗೊಳ್ಳುವ ಮನೆಯವರು. ಒಳಗೆ ಹೋಗಿ ಯಜಮಾನರ ಮಡಚುವ ಚಾಕು ತಂದು ಜಗುಲಿಯ ಮೇಲಿಟ್ಟರು. "ತಗೋ ಬೈರಮ್ಮ. ವಿಲಾಯಿತಿದು. ಇವರಿಗೆ ಈಗ ಏನಕ್ಕೆ ಬೇಕು?" ಎಂದರು. ನೋಡಲು ಬಲು ಮುದ್ದಾದ ಚಾಕು. ನಾಲ್ಕು ದಿನ ಬಾಳಿತು. ಹುಲ್ಲಿನ ರಸ, ಕೆಸರು ಮಡಚುವ ಸಂದಿಗೆ ಸೇರಿ ಗಟ್ಟಿಯಾಯಿತು. ತೆರೆಯಲು ಎರಡು ಕೈ ಬೇಕು, ಉಗುರು ಬೇಕು. ಐದನೆಯ ದಿನ ಜಾಲಿ ಕೊಂಬೆಗೆ ಒತ್ತಿದಳು, ಅಲಗು ತಾನಾಗಿ ಮಡಚಿಕೊಂಡು ತೋರುಬೆರಳನ್ನೇ ಕಚ್ಚಿತು.

"ಪೆನ್ಸಿಲ್ ಕೆತ್ತೋಕೆ ಸರಿ ಹೋಯ್ತದೆ ಅಮ್ಮಾವ್ರೆ," ಎಂದು ಅದನ್ನು ಅದೇ ಜಗುಲಿಯ ಮೇಲಿಟ್ಟಳು. "ನಡು ಮುರಿಯೋ ಕತ್ತಿ ನಂಬಿದ್ರೆ ಬೆರಳಿರಲ್ಲ."

ಸೀತಮ್ಮನವರಿಗೆ ಸಿಟ್ಟು ಬಂತು. ಕೊಟ್ಟದ್ದನ್ನು ಹೀಗಳೆದಳು ಎಂದು ಮೂರು ದಿನ ಹಾಲು ನಿಲ್ಲಿಸಿದರು. ಬೈರಮ್ಮ ಆ ಹಾಲನ್ನು ಹೆಪ್ಪು ಹಾಕಿದಳು, ಸಮಾಧಾನ ಹೇಳಲು ಹೋಗಲಿಲ್ಲ.

ಆಮೇಲೆ ಸಿಟಿ ಮಾರ್ಕೆಟ್ಟಿಗೆ ಹೋಗಿ ಮೊಳದುದ್ದದ ಮಚ್ಚು ತಂದಳು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಗಡಿಯವನು ಕಾಗದ ಕುಯ್ದು ತೋರಿಸಿದ, ಈಕೆ ನಂಬಿದಳು. ಅಲ್ಲ, ಎಮ್ಮೆ ಕಾಗದ ತಿನ್ನುತ್ತದೆಯೇ? ತಲೆಯ ಮೇಲೆ ಹಾಲಿನ ಪಾತ್ರೆ, ಕೈಯಲ್ಲಿ ಮಚ್ಚು. ಜಯನಗರದಲ್ಲಿ ಎರಡು ಮನೆಯವರು ಕಿಟಕಿಯಲ್ಲಿ ನೋಡಿ ಬಾಗಿಲನ್ನೇ ತೆಗೆಯಲಿಲ್ಲ. ಹದಿನೈದು ದಿನದೊಳಗೆ ಬೇಲಿಯ ಬೊಡ್ಡೆಗೆ ಹೊಡೆದಾಗ ಹಿಡಿ ಕೈಯಲ್ಲಿ ಉಳಿಯಿತು, ಅಲಗು ಹಾರಿ ಕಾಲಿನ ಪಕ್ಕಕ್ಕೆ ನೆಟ್ಟುಕೊಂಡಿತು. ಹಿಡಿಯನ್ನು ತಿರುಗಿಸಿ ನೋಡಿದರೆ ಒಳಗೆ ಹೋಗಿದ್ದ ಕಬ್ಬಿಣ ಒಂದು ಮೊಳೆಯಷ್ಟಿತ್ತು.

ಬೇಲಿಯ ಮೇಲಿನಿಂದ ತಿಮ್ಮರಾಯಪ್ಪ ಹಲ್ಲು ಕಿರಿದ. "ಏನಮ್ಮ, ಮಚ್ಚು ಹಿಡೀಲಿ ನಿಲ್ತಾ ಇಲ್ವಾ? ನಮ್ಮನೇಲಿ ಪೊರಕೆ ಐತೆ ನೋಡು, ಅದರ ಹಿಡಿ ಬಲವಾಗೈತೆ."

ಅವತ್ತು ಬೈರಮ್ಮ ಬದುವಿನ ಮೇಲೆ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಅಂಗಡಿಯವನಾಗಲಿ ಅಮ್ಮಾವ್ರಾಗಲಿ ಕೊಟ್ಟದ್ದನ್ನು ತಗೊಳ್ಳುವುದು ಬಿಟ್ಟು, ತನಗೆ ಏನು ಬೇಕೆಂದು ಮೊದಲ ಸಲ ಯೋಚಿಸಿದಳು. ಕೋಳಿ ಕೂಗಿದಾಗಿನಿಂದ ದೀಪ ಹಚ್ಚುವ ತನಕ ಕತ್ತಿಗೆ ಏನೇನು ಕೆಲಸ? ಹುಲ್ಲು, ಜಾಲಿ ಮುಳ್ಳು, ಹಗ್ಗ, ಎಮ್ಮೆಯ ಗೊರಸಿಗೆ ಸಿಕ್ಕ ಕಲ್ಲು. ದಾರಿಯಲ್ಲಿ ನಾಯಿ. ಹುಲ್ಲಿನೊಳಗೆ ಹಾವು. ಇಷ್ಟಕ್ಕೆ ಮೊಳದುದ್ದ ಯಾಕೆ? ಗೇಣು ಮೇಲೆ ನಾಲ್ಕು ಬೆರಳು ಸಾಕು, ಸೊಂಟದಲ್ಲಿ ಸೀರೆಯೊಳಗೆ ಅಡಗಬೇಕು. ಬೆನ್ನು ದಪ್ಪವಿರಬೇಕು, ಕಲ್ಲಿನಿಂದ ಬಡಿದರೆ ಸೌದೆ ಸೀಳಬೇಕು. ಮಡಚಬಾರದು. ಕಬ್ಬಿಣ ಹಿಡಿಯ ತುದಿಯವರೆಗೂ ಹೋಗಬೇಕು. ಒದ್ದೆ ಕೈಯಲ್ಲಿ ಜಾರಬಾರದು. ಎಡಗೈ ಎಮ್ಮೆಯ ಹಗ್ಗದಲ್ಲಿರುವಾಗ ಬಲಗೈಯೊಂದರಲ್ಲೇ ಹೊರಗೆ ಬರಬೇಕು.

ಜಯನಗರದಲ್ಲಿ ಆಗ ಎಲ್ಲಿ ನೋಡಿದರೂ ಮನೆ ಏಳುತ್ತಿತ್ತು. ಕಲ್ಲು ಒಡೆಯುವವರ ಉಳಿಗಳಿಗೆ ಮೊನೆ ಮಾಡಿಕೊಡಲು ಒಬ್ಬ ತಮಿಳು ಕಮ್ಮಾರ ರಸ್ತೆಯ ಬದಿಯಲ್ಲೇ ಗುಂಡಿ ತೋಡಿ ಕುಲುಮೆ ಹಾಕಿದ್ದ. ಅವನು ಮಾತಾಡುತ್ತಿರಲಿಲ್ಲ. ಮಾತೆಲ್ಲ ತಿದಿ ಒತ್ತುವ ಅವನ ಹೆಂಡತಿ ಮರಿಯಮ್ಮನದು. ಅವಳಿಗೆ ನೇಗಿಲೂ ಗೊತ್ತಿಲ್ಲ, ಆಯವೂ ಗೊತ್ತಿಲ್ಲ, ತಿಮ್ಮರಾಯಪ್ಪ ಯಾರೆಂದೂ ಗೊತ್ತಿಲ್ಲ. ಎಷ್ಟು ಒಳ್ಳೆಯದಾಯಿತು!

"ಕತ್ತಿ ಬೇಕಾ, ಸುಮ್ನೆ ವೇಳೆ ಕಳ್ಯೋಕೆ ಬಂದ್ಯಾ?" ಎಂದಳು ಮರಿಯಮ್ಮ.

"ಬೇಕು. ಲಾರಿಯ ಕಮಾನು ಪಟ್ಟಿ ಐತಲ್ಲ ಅಲ್ಲಿ, ಅದ್ರಾಗೆ ಮಾಡಿ. ತಗಡು ಬ್ಯಾಡ."

"ಓಹೋ. ಕಬ್ಬಿಣ ನೀನೇ ಆರಿಸ್ತೀಯಾ?"

"ಬೆರಳು ನಂದಲ್ವಾ?"

ಅಲ್ಲಿಂದ ಶುರುವಾಯಿತು. ಬೈರಮ್ಮ ಹುಲ್ಲಿಗೆ ಕೊಕ್ಕೆಯಂತೆ ಬಾಗಿರಲಿ ಎಂದಳು. ಹಾಗಾದರೆ ಕುಡುಗೋಲು ತಗೊಂಡು ಹೋಗು, ಬಾಗಿದ್ದು ಸೊಂಟದಲ್ಲಿ ನಿಲ್ಲುವುದಿಲ್ಲ, ಕೂತಾಗ ತೊಡೆ ಸೀಳುತ್ತದೆ ಎಂದಳು ಮರಿಯಮ್ಮ. ಮೊನೆ ಸೂಜಿಯ ಹಾಗಿರಲಿ ಎಂದರೆ, ಕಲ್ಲು ಮೀಟಿದರೆ ಮುರಿಯುತ್ತದೆ ಎಂದಳು. ಹದ ಮಾಡುವಾಗ ಅಲಗಿಗೆ ಮಾತ್ರ ನೀರು ಕುಡಿಸಿ, ಬೆನ್ನಿಗೆ ಬೇಡ ಎಂದು ಬೈರಮ್ಮ ಹೇಳಿದ್ದಕ್ಕೆ, "ನನ್ ಗಂಡ ಮೂವತ್ತು ವರ್ಷ ಕತ್ತೆ ಕಾಯ್ತಾ ಇದ್ನಾ?" ಎಂದು ಮರಿಯಮ್ಮ ಕೂಗಿದಳು. ಕಲ್ಲು ಒಡೆಯುವವರು ಸುತ್ತಿಗೆ ಕೆಳಗಿಟ್ಟು ನೋಡುತ್ತ ನಿಂತರು. ಗಂಡ ಇಬ್ಬರ ಮಾತಿಗೂ ಕಿವಿಗೊಡದೆ ಬಡಿಯುತ್ತಿದ್ದ.

ಕೊನೆಗೆ ಆದದ್ದು ಇಷ್ಟು: ಮುಕ್ಕಾಲು ಪಾಲು ನೆಟ್ಟಗೆ, ತುದಿಯಲ್ಲಿ ಒಂದಿಷ್ಟು ಬಾಗು; ಬೆನ್ನು ಕಿರುಬೆರಳಿನ ಅರ್ಧದಷ್ಟು ದಪ್ಪ; ಹಿಡಿಯೊಳಗೆ ಕೊನೆಯವರೆಗೂ ಕಬ್ಬಿಣ, ಇಕ್ಕೆಲದಲ್ಲಿ ಹುಣಸೆ ಮರ, ಮೂರು ತಾಮ್ರದ ಕಟ್ಟು. ಹಿಡಿಯ ತುದಿಗೆ ತೂತು, ತೂತಿನಿಂದ ಸೊಂಟದ ಉಡಿದಾರಕ್ಕೆ ಮೊಳದುದ್ದದ ಹುರಿ. ಹಿಡಿಯ ಮೇಲೆ ನೂಲಿನ ಹುರಿ ಬಿಗಿಯಾಗಿ ಸುತ್ತಿದ್ದಳು ಮರಿಯಮ್ಮ. ಬೈರಮ್ಮ ಅಲ್ಲೇ ಹಗ್ಗ ನೀರಿನಲ್ಲಿ ಅದ್ದಿ ಕುಯ್ದಳು, ಬಿದಿರು ಸೀಳಿದಳು, ಅಂಗೈಗೆ ಎಣ್ಣೆ ಸವರಿಕೊಂಡು ಹಿಡಿದು ನೋಡಿದಳು. ಜಾರಲಿಲ್ಲ. ಬೆಲೆ, ಒಂದು ತಿಂಗಳು ದಿನಾ ಒಂದು ಚೊಂಬು ಮಜ್ಜಿಗೆ ಎಂದು ಮಾತಾಯಿತು.

ಮರಿಯಮ್ಮ ಕತ್ತಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಕೈ ಹಿಂದೆ ತೆಗೆದಳು. "ಎತ್ಕೋ ತಾಯಿ. ಕೈಗೆ ಕೊಡಲ್ಲ. ನಿನ್ ಜೊತೆ ಇನ್ನೊಂದು ಜಗಳ ತಡ್ಯೋ ಶಕ್ತಿ ನಂಗಿಲ್ಲ."

ಗಂಡ ಸತ್ತ ಮೇಲೆ ಬೈರಮ್ಮ ನಕ್ಕದ್ದು ಅವತ್ತೇ.

ಎರಡು ವರ್ಷ ಆ ಕತ್ತಿ ಆಕೆಯ ಸೊಂಟ ಬಿಡಲಿಲ್ಲ. ಎಮ್ಮೆಗಳ ಮೈ ತುಂಬಿತು. ತಿಮ್ಮರಾಯಪ್ಪ ಬೇಲಿಯ ಮೇಲಿನಿಂದ ನೋಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಐವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆ ಕೋಡಿ ಬಿದ್ದಿತ್ತು. ಒಂದು ಮಧ್ಯಾಹ್ನ ಗಬ್ಬದ ಎಮ್ಮೆ ಗೂಟ ಕಿತ್ತುಕೊಂಡು ನೀರಿಗಿಳಿಯಿತು. ಹಿಂದೆ ಎಳೆದು ಬಂದ ಹಗ್ಗ ನೀರಿನಡಿಯ ಜಾಲಿ ಬೊಡ್ಡೆಗೆ ಸುತ್ತಿಕೊಂಡಿತು. ಎಮ್ಮೆ ಬಿಡಿಸಿಕೊಳ್ಳಲು ತಿರುಗಿದಷ್ಟೂ ಹಗ್ಗ ಗಿಡ್ಡವಾಯಿತು, ಕತ್ತು ಕೆಳಗೆ ಹೋಯಿತು. ಬೈರಮ್ಮ ಓಡಿ ಬರುವಾಗ ಮೂಗಿನ ಹೊಳ್ಳೆ ಮಾತ್ರ ಮೇಲಿತ್ತು.

ಏರಿಯ ಕೆಳಗೆ, ನೀರಿನ ಅಂಚಿನಲ್ಲಿ, ಎಮ್ಮೆಯಿಂದ ಹತ್ತು ಮಾರು ದೂರಕ್ಕೆ ತಿಮ್ಮರಾಯಪ್ಪ ಬೇಲಿಗೆ ಮುಳ್ಳು ಕಡಿಯುತ್ತಿದ್ದ. ಕೈಯಲ್ಲಿ ತಮ್ಮನ ಮಚ್ಚು.

"ಭಾವ! ಹಗ್ಗ ಕಡೀರಿ! ಎಮ್ಮೆ ಸಾಯ್ತದೆ!"

ತಿಮ್ಮರಾಯಪ್ಪ ಎಮ್ಮೆಯನ್ನು ನೋಡಿದ. ಆಕೆಯನ್ನು ನೋಡಿದ. ಮಚ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀಡಿ ಹಚ್ಚಿದ.

"ಒಳ್ಳೆ ಹಗ್ಗ, ಯಾಕೆ ಕಡೀಬೇಕು? ಬರ್ತದೆ ಬಿಡು, ಅದೇ ಬರ್ತದೆ."

ಥೂ! ಪಕ್ಕದ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಈ ಮಾತನ್ನು ತಮ್ಮ ಕಿವಿಯಾರೆ ಕೇಳಿದರು.

ಬೈರಮ್ಮ ನೀರಿಗೆ ಬಿದ್ದಳು. ಎದೆಮಟ್ಟ ಬಂತು, ಕೆಸರು ಕಾಲು ಹಿಡಿಯಿತು, ಸೀರೆ ಜೊಂಡಿಗೆ ಸುತ್ತಿಕೊಂಡಿತು. ಎಡಗೈಯಲ್ಲಿ ಕೊಂಬು ಹಿಡಿದು ಎಮ್ಮೆಯ ಮುಖ ಮೇಲೆತ್ತಿ, ಬಲಗೈಯಲ್ಲಿ ಕತ್ತಿ ಎಳೆದಳು. ಮೊದಲು ತನ್ನ ಸೆರಗನ್ನೇ ಕುಯ್ದಳು. ಆಮೇಲೆ ಮುಳುಗಿ, ಕಣ್ಣು ಕಾಣದ ಕೆಸರಿನಲ್ಲಿ ಹಗ್ಗ ತಡವಿ ಒತ್ತಿದಳು. ಎಮ್ಮೆ ತಲೆ ಕೊಡವಿತು, ಕೊಂಬು ಮಣಿಕಟ್ಟಿಗೆ ಬಡಿದು ಕತ್ತಿ ಕೈ ಬಿಟ್ಟಿತು. ಉಡಿದಾರದ ಹುರಿ ಇತ್ತಲ್ಲ! ಎಳೆದುಕೊಂಡಳು, ಮತ್ತೆ ಮುಳುಗಿದಳು. ಮೂರನೆಯ ಸಲಕ್ಕೆ ಹಗ್ಗ ಹರಿಯಿತು.

ಎಮ್ಮೆ ದಡಕ್ಕೆ ಬಂದು ನಿಂತು ನಡುಗಿತು. ಬೈರಮ್ಮ ಅರ್ಧ ಸೀರೆಯಲ್ಲಿ, ಮೈಯೆಲ್ಲ ಕೆಸರಾಗಿ, ಕತ್ತಿ ಹಿಡಿದು ಭಾವನ ಎದುರಿಗೆ ಬಂದು ನಿಂತಳು. ಅವನ ಬೀಡಿ ಇನ್ನೂ ಮುಗಿದಿರಲಿಲ್ಲ.

"ಬಂತು ನೋಡಿ ಭಾವ. ಅದೇ ಬಂತು."

ತಿಮ್ಮರಾಯಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಕಡಿದ ಮುಳ್ಳನ್ನೂ ಬಿಟ್ಟು ಏರಿ ಹತ್ತಿ ಹೋದ. ಸಂಜೆಯೊಳಗೆ ಮಾತು ಊರೆಲ್ಲ ಹರಡಿತು. ಕುಲುಮೆಯ ಕಟ್ಟೆಯ ಮೇಲೆ ಅವನು ಬಂದು ಕುಳಿತರೆ ಪಕ್ಕದವರು ಏಳತೊಡಗಿದರು. ಗಬ್ಬದ ಎಮ್ಮೆ ಮುಳುಗುವಾಗ ಬೀಡಿ ಸೇದಿದವನ ಪಕ್ಕ ಯಾರು ಕೂರುತ್ತಾರೆ?

ಮಾರನೆಯ ವರ್ಷ ಸುತ್ತಲ ಜಮೀನಿಗೆ ಗಿರಾಕಿ ಬಂದರು. ಮನೆ ಕಟ್ಟಿಸುವ ಯಾವುದೋ ಸಂಘವಂತೆ. ತಿಮ್ಮರಾಯಪ್ಪನ ಗದ್ದೆ ಬೇಕು, ಹುಲ್ಲುಗಾವಲೂ ಬೇಕು, ಎರಡೂ ಸೇರಿದರೆ ಮಾತ್ರ ಬೇಕು. ವಿಧವೆಯ ಹೆಬ್ಬೆಟ್ಟಿಲ್ಲದೆ ಆಗುವುದಿಲ್ಲ ಎಂದರು. ಈಗ ಬೇಕಾಯಿತು ನೋಡಿ ಅವನಿಗೆ ತಮ್ಮನ ಹೆಂಡತಿ! ಲೆಕ್ಕ ಬರೆದುಕೊಂಡಿದ್ದ ಹಳೆಯ ಶಾನುಭೋಗ ಗಂಗಾಧರಯ್ಯನವರ ಕಾಲು ಹಿಡಿದು ರಾಜಿ ಮಾಡಿಸಿ ಎಂದ. ಒಂದು ಬೆಳಿಗ್ಗೆ ಹೊಂಗೆಮರದ ಕಟ್ಟೆಗೆ ಬೈರಮ್ಮನನ್ನು ಕರೆಸಿದರು. ಅರ್ಧ ಊರು ಸೇರಿತ್ತು.

ಕಟ್ಟೆಯ ಮೇಲೆ ಕಾಗದ, ಶಾಯಿಯ ಡಬ್ಬಿ. ತಿಮ್ಮರಾಯಪ್ಪ ಪಂಚೆಯಲ್ಲಿ ಸುತ್ತಿದ್ದ ಮಚ್ಚನ್ನು ತೆಗೆದ. ಸಾಣೆ ಹಿಡಿಸಿ ಎಣ್ಣೆ ಹಚ್ಚಿದ್ದ. ಬಲು ಜೋಪಾನವಾಗಿ ಅದನ್ನು ಕಾಗದದ ಪಕ್ಕದಲ್ಲಿಟ್ಟ.

"ನಿನ್ ಗಂಡಂದು. ಎತ್ಕೊಳಮ್ಮ. ಆಗಿದ್ದು ಆಗೋಯ್ತು."

"ಎತ್ಕೊಳಮ್ಮ ಬೈರಮ್ಮ," ಎಂದರು ಗಂಗಾಧರಯ್ಯ. "ಹೆಬ್ಬೆಟ್ಟು ಒತ್ತಿಬಿಡು. ಹಣ ಇಬ್ಬರಿಗೂ ಬರುತ್ತೆ. ಭಾವನ ಮನೇಲೇ ನಿನಗೊಂದು ಕೋಣೆ. ಇಲ್ಲಿಗೆ ಜಗಳ ಮುಗೀಲಿ."

ಬೈರಮ್ಮ ಮಚ್ಚನ್ನು ನೋಡಿದಳು. ಹಿಡಿಯ ಮೇಲೆ ಗಂಡನ ಹೆಬ್ಬೆರಳು ಸವೆಸಿದ ಗುಳಿ ಹಾಗೇ ಇತ್ತು. ಆದರೂ ಬಗ್ಗಲಿಲ್ಲ.

"ಕೈಗೆ ಕೊಡಿ ಭಾವ," ಎಂದಳು.

ಜನ ಗುಜುಗುಜು ಅಂದರು. ತಿಮ್ಮರಾಯಪ್ಪ ತಡವರಿಸಿದ. "ಕೈಗೆ ಕೊಡಬಾರ್ದಲ್ಲಮ್ಮ. ಜಗಳ ಹತ್ತುತ್ತೆ."

"ಅದು ನಂಗೊತ್ತು. ಅವತ್ತು ಹೊಸಿಲ ಮ್ಯಾಲಿಟ್ಟು ಕೊಟ್ಟೆ, ನೀವು ಎತ್ಕೊಂಡು ಹೋದ್ರಿ. ಜಗಳ ಇಲ್ದೆ ಎತ್ತು ಹೋಯ್ತು, ನೇಗ್ಲು ಹೋಯ್ತು. ಇವತ್ತು ರಾಜಿ ಆದ್ರೆ ಹುಲ್ಲುಗಾವ್ಲೂ ಹೋಯ್ತದೆ. ನಂಗೆ ರಾಜಿ ಬ್ಯಾಡ, ಜಗಳ ಬೇಕು." ಬಲಗೈ ಚಾಚಿದಳು. "ಕೊಡೋದಾದ್ರೆ ಕೈಗೆ ಕೊಡಿ. ಇಲ್ದಿದ್ರೆ ತಮ್ಮನ ಮಚ್ಚು ಕದ್ದೋನು ಅಂತ ಇವರೆಲ್ಲರ ಮುಂದೆ ವಾಪಸ್ ಹೊತ್ಕೊಂಡು ಹೋಗಿ."

ಅವತ್ತು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮುಂದೆ ಬಂದು ನಿಂತಿದ್ದರು. ತಿಮ್ಮರಾಯಪ್ಪ ಒಂದು ಸಲ ಸುತ್ತ ನೋಡಿದ, ಆಸರೆ ಕೊಡುವ ಮುಖ ಒಂದೂ ಕಾಣಲಿಲ್ಲ. ಮಚ್ಚು ಎತ್ತಿದ. ಬೈರಮ್ಮ ಅದನ್ನು ಅವನ ಕೈಯಿಂದ ತನ್ನ ಕೈಗೆ ತಗೊಂಡಳು, ಶಾಯಿಯ ಡಬ್ಬಿಯ ಕಡೆ ತಿರುಗಿಯೂ ನೋಡದೆ ನಡೆದಳು.

ಆ ಜಗಳ ಹತ್ತು ವರ್ಷ ನಡೆಯಿತು. ಸುತ್ತಲೂ ಮನೆಗಳೆದ್ದವು, ನಡುವೆ ಮಾರಾಟವಾಗದ ಅವನ ಗದ್ದೆಯ ಪಕ್ಕ ಹನ್ನೆರಡು ಗುಂಟೆ ಹುಲ್ಲು ಹಸಿರಾಗಿಯೇ ಇತ್ತು. ಅರವತ್ತೊಂಬತ್ತರಲ್ಲಿ ತಿಮ್ಮರಾಯಪ್ಪ ಸತ್ತಾಗ ಹೆಣ ಹೊತ್ತವರು ಅದರ ಬದಿಯಲ್ಲೇ ಹೋದರು. ಬೈರಮ್ಮ ಎದ್ದು ನಿಂತು, ಅವರು ದಾಟುವ ತನಕ ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಆಮೇಲೆ ಕುಕ್ಕರಗಾಲಲ್ಲಿ ಕುಳಿತು, ಸೊಂಟದ ಕತ್ತಿ ತೆಗೆದು, ಬಿಟ್ಟಲ್ಲಿಂದ ಹುಲ್ಲು ಕುಯ್ಯತೊಡಗಿದಳು.